ಮರಿಯಿಂದ ಮಾರಾಟದವರೆಗೆ, ಹುಬ್ಬೆ ಮಳೆಯಿಂದ ಬೇಸಿಗೆವರೆಗೆ: ಮೀನಿಗೆ ಯಾವಾಗ ಏನು, ಎಷ್ಟು?

ಹೊಂಡದಂಚು, ಹಿರಿಯೂರು

ಎಲ್ಲರಿಗೂ ನಮಸ್ಕಾರ. ಕೃಷಿಹೊಂಡ 21×21×3 ಮೀಟರ್, ಒಳಗೆ 500 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ. ಹಸ್ತ, ಚಿತ್ತೆ ಮಳೆಗೆ ತುಂಬಿದೆ. 10ರಿಂದ 12 ಸೆಂ.ಮೀ. ಉದ್ದದ ಮರಿ ಬಿಟ್ಟಿದ್ದು: ಕಾಟ್ಲಾ 160, ರೋಹು 120, ಮೃಗಾಲ್ 60, ಸಾಮಾನ್ಯ ಗೆಂಡೆ 60. ಈಗ ಬೀಸುಬಲೆಯಲ್ಲಿ ಸಿಕ್ಕವು ಸರಾಸರಿ 80 ಗ್ರಾಂ ತೂಗುತ್ತವೆ. ಕಾಟ್ಲಾ ಚೆನ್ನಾಗಿದೆ, ರೋಹು ಪರವಾಗಿಲ್ಲ. ಮೃಗಾಲ್ ಮಾತ್ರ ತಲೆ ದಪ್ಪ, ಮೈ ಸಣಕಲು. ದಿನಾ ಬೆಳಿಗ್ಗೆ 7ಕ್ಕೆ ಒಂದು ಕೆ.ಜಿ. ಶೇಂಗಾ ಹಿಂಡಿ ಮತ್ತು ತೌಡು ಸಮ ಬೆರೆಸಿ ಎರಚುವುದು. ಚಳಿ ಶುರುವಾಗಿದೆ, ಹಾಕಿದ್ದರಲ್ಲಿ ಒಂದಷ್ಟು ದಡಕ್ಕೆ ಬಂದು ನಿಲ್ಲುತ್ತಿದೆ. ಆಹಾರ ಕಡಿಮೆ ಮಾಡಬೇಕಾ, ಬದಲಿಸಬೇಕಾ? ಬೇಸಿಗೆಗೆ ಏನು ಮಾಡಬೇಕು?

ಮರಿಕೊಳ, ದಾವಣಗೆರೆ

ಮೊದಲು ಮೃಗಾಲ್ ವಿಷಯ ಮುಗಿಸೋಣ, ಅದು ಚಳಿಗೆ ಸಂಬಂಧಪಟ್ಟಿದ್ದಲ್ಲ, ಹಾಳೆಗೆ ಸಂಬಂಧಪಟ್ಟಿದ್ದು.

ಮೃಗಾಲ್ ಬಾಯಿ ಕೆಳಮುಖ. ಕೆರೆಯಲ್ಲಾದರೆ ತಳದ ಕೊಳೆತ ಎಲೆ, ಸತ್ತು ಕೂತ ಪಾಚಿ, ಅದರ ಮೇಲೆ ಬೆಳೆದ ಸೂಕ್ಷ್ಮಜೀವಿ ಎಲ್ಲವನ್ನೂ ಕೆಸರಿನ ಸಮೇತ ತಿನ್ನುತ್ತದೆ. ಸಾಮಾನ್ಯ ಗೆಂಡೆ ಬಾಯಿ ಮುಂದಕ್ಕೆ ಚಾಚಿ ಕೆಸರು ಕೆದಕಿ ಕೆಂಪು ರಕ್ತಹುಳು, ಸಣ್ಣ ಬಸವನಹುಳು ಹುಡುಕುತ್ತದೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಇದ್ಯಾವುದೂ ಸಾಕಷ್ಟು ಹುಟ್ಟುವುದಿಲ್ಲ. ಅಲ್ಲಿಗೆ ಈ ಎರಡು ಜಾತಿ ನೀವು ಹಾಕಿದ್ದನ್ನೇ ನಂಬಿ ಬದುಕಬೇಕು. ನೀವೋ ಪುಡಿಯನ್ನು ನೀರಿನ ಮೇಲೆ ಎರಚುತ್ತೀರಿ. ಕೆಳಗೆ ಇಳಿಯುವಷ್ಟರಲ್ಲಿ ಕಾಟ್ಲಾ, ರೋಹು ಮುಗಿಸಿರುತ್ತವೆ.

ಈಗ ಮಾಡಬಹುದಾದ್ದು ಎರಡು. ಒಂದು, ಎರಡಡಿ ಚೌಕದ ತಟ್ಟೆ. ಬಿದಿರಿನ ಅಥವಾ ಪಿವಿಸಿ ಪೈಪಿನ ಚೌಕಟ್ಟಿಗೆ ಸೊಳ್ಳೆಪರದೆ ಬಲೆ ಬಿಗಿದು, ನಾಲ್ಕು ಮೂಲೆಗೆ ಹಗ್ಗ ಕಟ್ಟಿ, ತಳದಿಂದ ಒಂದಡಿ ಮೇಲೆ ನಿಲ್ಲುವ ಹಾಗೆ ಇಳಿಬಿಡಿ. ನಿಮ್ಮ ಹೊಂಡಕ್ಕೆ ಎರಡು ತಟ್ಟೆ ಸಾಕು. ದಿನದ ಆಹಾರದ ಶೇ. 40ರಷ್ಟನ್ನು ನೆನೆಸಿ ಗಟ್ಟಿ ಉಂಡೆ ಮಾಡಿ ಅದರಲ್ಲಿಡಿ. ಎರಡು ಗಂಟೆ ಬಿಟ್ಟು ಮೇಲೆತ್ತಿ ನೋಡಿ. ಉಳಿದಿದ್ದರೆ ಮರುದಿನ ಕಾಲುಭಾಗ ಇಳಿಸಿ. ಪೂರ್ತಿ ಖಾಲಿ ಇದ್ದು, ಬಲೆಯನ್ನೂ ಉಜ್ಜಿದ ಗುರುತಿದ್ದರೆ ಸ್ವಲ್ಪ ಏರಿಸಿ.

ಎರಡು, ರೋಹುವಿಗೆ ಅಡಿಕೆ ದಬ್ಬೆ. 40ರಿಂದ 50 ದಬ್ಬೆಯ ತುದಿ ನಯ ಮಾಡಿ, ಅಡ್ಡ ಕಟ್ಟಿದ ಹಗ್ಗಕ್ಕೆ ನೇತುಹಾಕಿ. ತಳಕ್ಕೆ ಊರಬೇಡಿ, ಹಾಳೆ ತೂತು ಬಿದ್ದರೆ ಹೊಂಡವೇ ಖಾಲಿ. ಎರಡು ಮೂರು ವಾರದಲ್ಲಿ ದಬ್ಬೆಯ ಮೇಲೆ ಲೋಳೆಪಾಚಿ ಹಿಡಿಯುತ್ತದೆ, ರೋಹು ಅದನ್ನು ಕೆರೆದು ತಿನ್ನುತ್ತದೆ. ಭತ್ತದ ಹುಲ್ಲಿನ ಕಂತೆ ಹಾಕಿದರೂ ಪಾಚಿ ಬರುತ್ತದೆ, ಆದರೆ ಹುಲ್ಲು ಕೊಳೆಯುವಾಗ ಆಮ್ಲಜನಕ ಎಳೆಯುತ್ತದೆ. ಸಣ್ಣ ಹೊಂಡಕ್ಕೆ ಅದು ಬೇಡ.

ಮುಂದಿನ ಸಲ ತುಂಬುವ ಮೊದಲು ತಳಕ್ಕೆ ಮಾತ್ರ, ಇಳಿಜಾರಿಗಲ್ಲ, ಅರ್ಧ ಅಡಿ ಮಣ್ಣು ಹರವಿ. ಅಷ್ಟು ಮಾಡಲು ಆಗದಿದ್ದರೆ ಮೃಗಾಲ್ ಬಿಡುವುದೇ ಬೇಡ.

ಹಿಂಡಿತೌಡು, ಚಳ್ಳಕೆರೆ

7 ಗಂಟೆಗೆ ಹಾಕೋದು ಮೊದಲು ನಿಲ್ಸಿ. ಮಾರ್ಗಶಿರ, ಪುಷ್ಯದಲ್ಲಿ ಬೆಳಿಗ್ಗೆ ಹೊರಗೆ 15 ಡಿಗ್ರಿ ಇರುತ್ತೆ, ಹೊಂಡದ ನೀರು 21, 22. ಆ ಹೊತ್ತಿಗೆ ಮೀನಿಗೆ ಹಸಿವೂ ಇಲ್ಲ, ನೀರಲ್ಲಿ ಆಮ್ಲಜನಕವೂ ಕಡಿಮೆ. ನಿಮ್ಮ ದಡಕ್ಕೆ ಬಂದು ನಿಲ್ತಿರೋ ತೌಡು ಅದೇ. ಬಿಸಿಲು ಏರಿದ ಮೇಲೆ 11ಕ್ಕೆ ಒಂದು ಸಲ, ಮಧ್ಯಾಹ್ನ ಮೂರೂವರೆಗೆ ಇನ್ನೊಂದು ಸಲ ಹಾಕ್ರಿ.

ಗೆಂಡೆ ಜಾತಿಗೆ ಜಠರವೇ ಇಲ್ಲ ಅನ್ನೋದು ನೆನಪಿರಲಿ. ಬಾಯಿಂದ ನೇರ ಕರುಳಿಗೆ. ತುಂಬಿಟ್ಟುಕೊಳ್ಳೋ ಜಾಗ ಇಲ್ಲದ್ದಕ್ಕೆ ಒಂದೇ ಸಲ ಸುರಿದರೆ ಪ್ರಯೋಜನ ಇಲ್ಲ, ಅರ್ಧಂಬರ್ಧ ಜೀರ್ಣವಾಗಿ ಹೊರಗೆ ಹೋಗುತ್ತೆ. ಸ್ವಲ್ಪ ಸ್ವಲ್ಪ, ಎರಡು ಮೂರು ಸಲ.

ಲೆಕ್ಕ ಹೀಗೆ. ಒಂದಡಿ ಆಳದಲ್ಲಿ ಥರ್ಮಾಮೀಟರ್ ಬಿಟ್ಟು ಆಹಾರ ಹಾಕೋ ಹೊತ್ತಿನ ನೀರಿನ ಶಾಖ ನೋಡಿ. 28ರಿಂದ 32 ಡಿಗ್ರಿ ಇದ್ದರೆ ಪೂರ್ತಿ ಆಹಾರ. 24ರಿಂದ 27 ಇದ್ದರೆ ಮುಕ್ಕಾಲು. 20ರಿಂದ 23 ಇದ್ದರೆ ಅರ್ಧ. 18ರ ಕೆಳಗೆ ಹಾಕಲೇಬೇಡಿ, ಆದರೆ ನಮ್ಮ ಕಡೆ ನೀರು ಅಷ್ಟು ತಣ್ಣಗಾಗೋದು ಅಪರೂಪ. 34 ದಾಟಿದರೆ ಮತ್ತೆ ಅರ್ಧ. ಜನ ಚಳಿಗೆ ಹೆದರ್ತಾರೆ, ಏಪ್ರಿಲ್ ಮಧ್ಯಾಹ್ನದ ಬಿಸಿನೀರಿಗೆ ಹೆದರಲ್ಲ. ಕೆಡೋದು ಅಲ್ಲೇ.

ಈಗ ನಿಮ್ಮ ಹೊಂಡ: 400ರಲ್ಲಿ 360 ಬದುಕಿವೆ ಅಂದುಕೊಳ್ಳಿ. 360 × 80 ಗ್ರಾಂ ಅಂದರೆ ಸುಮಾರು 29 ಕೆ.ಜಿ. ಮೀನು. ಈ ಗಾತ್ರಕ್ಕೆ ಮೈತೂಕದ ಶೇ. 4, ಅಂದರೆ 1.15 ಕೆ.ಜಿ. ಚಳಿಗೆ ಮುಕ್ಕಾಲು ಮಾಡಿದರೆ 850 ಗ್ರಾಂ. ನೀವು ಹಾಕೋದು ಒಂದು ಕೆ.ಜಿ. ಪ್ರಮಾಣ ಹೆಚ್ಚು ಕಡಿಮೆ ಸರಿ ಇದೆ, ಹೊತ್ತು ತಪ್ಪು.

ಸೂಳೆಕೆರೆ ಬಲೆ, ಚನ್ನಗಿರಿ

ಹೊಂಡದ ಲೆಕ್ಕ ಅವರು ಹೇಳಿದ್ದಾರೆ. ಕೆರೆಯಲ್ಲಿ ಇದೇ ಮೀನು ಋತುವಿಗೆ ತಕ್ಕ ಹಾಗೆ ಏನು ತಿನ್ನುತ್ತದೆ ಅನ್ನುವುದು ಗೊತ್ತಿದ್ದರೆ ಹೊಂಡದಲ್ಲಿ ಯಾವಾಗ ಏನು ಕೊರತೆ ಅನ್ನುವುದೂ ಗೊತ್ತಾಗುತ್ತದೆ.

ಮುಂಗಾರಿನ ಮೊದಲ ಹೊಸನೀರು ಕೆಂಪಗೆ ಬರುತ್ತದೆ. ಬೆಳಕು ಒಳಗೆ ಇಳಿಯದೆ ಪಾಚಿ ಕುಗ್ಗುತ್ತದೆ, ಪಾಚಿ ತಿನ್ನುವ ಸೂಕ್ಷ್ಮಪ್ರಾಣಿಯೂ ಕುಗ್ಗುತ್ತದೆ. ಕಾಟ್ಲಾಕ್ಕೆ ಕಷ್ಟಕಾಲ. ಆದರೆ ನೀರು ಏರುತ್ತಾ ಅಂಗಳದ ಹುಲ್ಲು ಮುಳುಗಿದಾಗ ಎರೆಹುಳು, ಮಿಡತೆ, ಇರುವೆ ಎಲ್ಲ ನೀರು ಪಾಲಾಗುತ್ತವೆ. ಗಿರ್ಲು, ಪಕ್ಕೆ, ಸಾಮಾನ್ಯ ಗೆಂಡೆ ಮೀನುಗಳು ಮೊಣಕಾಲುದ್ದ ನೀರಿಗೇ ಬಂದು ತಿನ್ನುತ್ತವೆ. ಹುಲ್ಲು ಕೊಳೆತ ಎರಡು ಮೂರು ವಾರಕ್ಕೆ ಅದರ ಮೇಲೆ ಹುಳು ಹುಟ್ಟುತ್ತದೆ, ಅದು ಎರಡನೇ ಸುಗ್ಗಿ. ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ಎಷ್ಟೋ ದಶಕ ಒಣಗಿದ್ದ ಅಂಚೆಲ್ಲ ನೀರಿನಡಿ ಹೋಯಿತು. ಅಂಥ ವರ್ಷ ತಳದ ಮೀನಿಗೆ ಹಿನ್ನೀರಿನ ಅಂಚಿನಲ್ಲೇ ಊಟ.

ಆಷಾಢ, ಶ್ರಾವಣದಲ್ಲಿ ಬೆದೆಗೆ ಬಂದ ದೊಡ್ಡ ಮೀನಿನ ಹೊಟ್ಟೆ ಸೀಳಿದರೆ ಕರುಳು ಬಹುತೇಕ ಖಾಲಿ. ಮೊಟ್ಟೆ, ಬೀಜ ತುಂಬಿ ಕರುಳಿಗೆ ಜಾಗವೇ ಇರುವುದಿಲ್ಲ. ಮೊಟ್ಟೆ ಇಟ್ಟಾದ ಮೇಲೆ ಗಬಗಬ ತಿನ್ನುತ್ತದೆ. ಆ ಸಮಯದ ಮೈ ಬೆಳವಣಿಗೆಯೇ ಮುಂದಿನ ಚಳಿಗಾಲಕ್ಕೆ ಕೊಬ್ಬಿನ ದಾಸ್ತಾನು.

ಸ್ವಾತಿ ಮಳೆ ಕಳೆದು ನೀರು ತಿಳಿಯಾದಾಗ, ಅಂದರೆ ಕಾರ್ತಿಕದಲ್ಲಿ, ಪಾಚಿ ಮತ್ತು ಸೂಕ್ಷ್ಮಪ್ರಾಣಿ ಎರಡೂ ಏರುತ್ತವೆ. ಕಾಟ್ಲಾ ಬೆಳೆಯುವ ಕಾಲ ಇದು. ಮಾಘದ ಹೊತ್ತಿಗೆ ನೀರು ಇಳಿಯುತ್ತಾ ಜಲಸಸ್ಯ ದಟ್ಟವಾಗುತ್ತದೆ. ಬೇಸಿಗೆಯಲ್ಲಿ ಹಸಿರು ಗಂಜಿಯಂಥ ಪಾಚಿ ಮೇಲೆ ಕಟ್ಟಿದರೂ ಅದರಲ್ಲಿ ದೊಡ್ಡ ಪಾಲು ಕಾಟ್ಲಾ, ರೋಹು ಸರಿಯಾಗಿ ಜೀರ್ಣಿಸಿಕೊಳ್ಳಲಾಗದ ನೀಲಿ ಹಸಿರು ಪಾಚಿ. ನೀರು ಹಸಿರಿದ್ದರೆ ಮೀನಿಗೆ ಊಟ ಇದೆ ಅನ್ನುವುದು ಅದಕ್ಕೇ ಅರ್ಧಸತ್ಯ.

ಭದ್ರಾ ನಾಲೆಯ ಕೆಳಗಿನ ಕೆರೆಗಳ ಕತೆ ಸ್ವಲ್ಪ ಬೇರೆ. ಬೇಸಿಗೆ ಬೆಳೆಗೆ ನಾಲೆ ಬಿಟ್ಟಾಗ ಗದ್ದೆಯ ಬಸಿನೀರು ಗೊಬ್ಬರದ ಸಾರ ಹೊತ್ತು ಕೆರೆಗೆ ಬರುತ್ತದೆ. ಬೇರೆ ಕೆರೆ ಸೊರಗುವ ಕಾಲಕ್ಕೆ ಇವು ಮತ್ತೆ ಹಸಿರಾಗುತ್ತವೆ. ಜೊತೆಗೆ ಗದ್ದೆಗೆ ಹೊಡೆದ ಔಷಧಿಯೂ ಬರುತ್ತದೆ, ಅದು ಮೊದಲು ಕೊಲ್ಲುವುದು ಸೂಕ್ಷ್ಮಪ್ರಾಣಿಯನ್ನು. ಮೀನು ಸಾಯದಿದ್ದರೂ ಕಾಟ್ಲಾ ಸೊರಗಿದರೆ ಕಾರಣ ಅಲ್ಲಿ ಹುಡುಕಿ.

ಹೊಂಡದಂಚು, ಹಿರಿಯೂರು

ಸರ್, ಕರುಳು ನೋಡುವುದು ಅಂದಿರಿ. ಅದು ಮನೆಯಲ್ಲಿ ಮಾಡಬಹುದಾದ ಕೆಲಸವಾ?

ಸೂಳೆಕೆರೆ ಬಲೆ, ಚನ್ನಗಿರಿ

ಖಂಡಿತ. ಮಧ್ಯಾಹ್ನದ ಆಹಾರ ಹಾಕುವ ಮೊದಲು ಜಾತಿಗೊಂದು ಹಿಡಿಯಿರಿ. ಹಿಡಿದ ಕೂಡಲೇ ಐಸಿನಲ್ಲಿಡಿ, ಸತ್ತ ಮೇಲೂ ಜೀರ್ಣ ನಡೆಯುತ್ತಲೇ ಇರುತ್ತದೆ. ಹೊಟ್ಟೆ ಸೀಳಿ ಕರುಳು ಬಿಡಿಸಿ. ರೋಹು ಕರುಳು ಮೈಯ ಹಲವು ಪಟ್ಟು ಉದ್ದ, ಸುರುಳಿ ಬಿಡಿಸಲು ತಾಳ್ಮೆ ಬೇಕು. ಗಂಟಲಿನ ಕಡೆಯ ಮೂರನೇ ಒಂದು ಭಾಗ ಮಾತ್ರ ಕತ್ತರಿಸಿ ಬಿಳಿ ತಟ್ಟೆಗೆ ಹಿಂಡಿ, ಎರಡು ಹನಿ ನೀರು ಬೆರೆಸಿ, ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಿ.

ಕಾಟ್ಲಾದಲ್ಲಿ ಕಂದು ಬಣ್ಣದ ರವೆಯಂಥದ್ದು, ಅದರಲ್ಲಿ ಚುಕ್ಕೆ ಕಣ್ಣಿನ ನೀರುಚಿಗಟ (ಒಂದು ಬಗೆಯ ಸೂಕ್ಷ್ಮಪ್ರಾಣಿ) ಕಂಡರೆ ನೀರಿನ ಊಟ ಚೆನ್ನಾಗಿದೆ. ರೋಹುವಿನಲ್ಲಿ ಹಸಿರು ಅಥವಾ ಹಸಿರು ಮಿಶ್ರಿತ ಕಂದು. ಮೃಗಾಲ್‌ನಲ್ಲಿ ಕಪ್ಪು ಕೆಸರು, ಉಗುರಲ್ಲಿ ಉಜ್ಜಿದರೆ ಮರಳು ಸಿಗುತ್ತದೆ. ನಿಮ್ಮ ಹೊಂಡದ ಮೃಗಾಲ್‌ನಲ್ಲಿ ಕಪ್ಪು ಕೆಸರು ಇರಲಾರದು, ತಿಳಿ ಹಳದಿ ತೌಡು ಅಥವಾ ಏನೂ ಇಲ್ಲ. ಎಲ್ಲ ಜಾತಿಯಲ್ಲೂ ಹಳದಿ ಹಿಂಡಿಯೊಂದೇ ಇದ್ದರೆ ನೀರು ಖಾಲಿ, ನೀವು ಪೂರ್ತಿ ಚೀಲದ ಆಹಾರದ ಮೇಲೆ ಮೀನು ಸಾಕುತ್ತಿದ್ದೀರಿ ಅಂತ ಅರ್ಥ. ಖರ್ಚು ಏರುವುದು ಅಲ್ಲೇ.

ಮರಿಕೊಳ, ದಾವಣಗೆರೆ

ಕರುಳಿನ ಮಾತು ಬಂತು, ವಯಸ್ಸಿನ ಮಾತೂ ಸೇರಿಸುತ್ತೇನೆ. ಮೇಲೆ ಹೇಳಿದ ಪಾಲು ವಿಂಗಡಣೆ ದೊಡ್ಡ ಮೀನಿನದು. ಹುಟ್ಟಿದಾಗ ಎಲ್ಲ ಗೆಂಡೆಯ ಊಟವೂ ಒಂದೇ.

ಮೊಟ್ಟೆಯೊಡೆದ ಮೊದಲ ಮೂರು ದಿನ ಹೊಟ್ಟೆಗೆ ಅಂಟಿದ ಹಳದಿ ಚೀಲವೇ ಆಹಾರ. ಅದು ಕರಗಿದಾಗ ಮರಿ 6 ಮಿ.ಮೀ. ಇರುತ್ತದೆ. ಅದರ ಬಾಯಿಗೆ ಹಿಡಿಯುವುದು ಬರಿಗಣ್ಣಿಗೆ ಕಾಣದಷ್ಟು ಸಣ್ಣ ಸೂಕ್ಷ್ಮಪ್ರಾಣಿ. ವಾರ ಕಳೆದರೆ ನೀರುಚಿಗಟ. ಮುಂದೆ ಹುಲ್ಲು ತಿನ್ನುವ ಹುಲ್ಲುಗೆಂಡೆಯೂ ಆಗ ಮಾಂಸಾಹಾರಿಯೇ. ಅದು ಗಿಡದ ಕಡೆ ತಿರುಗುವುದು 25ರಿಂದ 30 ಮಿ.ಮೀ. ಆದ ಮೇಲೆ, ಗಂಟಲ ಹಲ್ಲು ಗಟ್ಟಿಯಾದಾಗ. ರೋಹು ಕೂಡ ಬೆಳೆಯುತ್ತಾ ಕರುಳು ಉದ್ದವಾದ ಹಾಗೆ ಸಸ್ಯದ ಕಡೆ ವಾಲುತ್ತದೆ. ಕಾಟ್ಲಾ ಮಾತ್ರ ಕೊನೆವರೆಗೂ ಸೂಕ್ಷ್ಮಪ್ರಾಣಿಯನ್ನು ಬಿಡುವುದಿಲ್ಲ, ಕಿವಿರಿನ ಒಳಗಿನ ಬಾಚಣಿಗೆಯಲ್ಲಿ ನೀರು ಸೋಸಿ ತಿನ್ನುತ್ತದೆ.

ಹಾಗಾಗಿ ಮರಿಕೊಳದಲ್ಲಿ ಮರಿಗಿಂತ ಮೊದಲು ಅದರ ಊಟ ಬೆಳೆಸಬೇಕು. 5 ಗುಂಟೆಯ ಮಣ್ಣಿನ ಕೊಳಕ್ಕೆ ಲೆಕ್ಕ: ಶೇಂಗಾ ಹಿಂಡಿ 37 ಕೆ.ಜಿ., ಸಗಣಿ 10 ಕೆ.ಜಿ., ಸೂಪರ್ ಫಾಸ್ಫೇಟ್ 2.5 ಕೆ.ಜಿ. ಎಲ್ಲವನ್ನೂ ನೀರಲ್ಲಿ ನೆನೆಸಿ ಗಂಜಿ ಮಾಡಿ, ಅರ್ಧವನ್ನು ಮರಿ ಬಿಡುವ ಎರಡು ಮೂರು ದಿನ ಮೊದಲು ಚೆಲ್ಲಿ, ಉಳಿದರ್ಧವನ್ನು ನೀರಿನ ಬಣ್ಣ ನೋಡಿಕೊಂಡು ಎರಡು ಮೂರು ಕಂತಲ್ಲಿ ಹಾಕಿ. 50 ಲೀಟರ್ ನೀರನ್ನು ಸಣ್ಣ ಕಣ್ಣಿನ ನೈಲಾನ್ ಬಟ್ಟೆಯಲ್ಲಿ ಸೋಸಿ, ಬಂದದ್ದನ್ನು ಕೊಳವೆಯಲ್ಲಿ ಉಪ್ಪು ಹಾಕಿ ನಿಲ್ಲಿಸಿದರೆ ತಳದಲ್ಲಿ ಒಂದರಿಂದ ಎರಡು ಮಿ.ಲೀ. ಕೂರಬೇಕು. ಕಂದು ಬಣ್ಣ ಕೂತರೆ ಸೂಕ್ಷ್ಮಪ್ರಾಣಿ, ಒಳ್ಳೆಯದು. ಬರೀ ಹಸಿರು ಕೂತರೆ ಇನ್ನೆರಡು ದಿನ ಕಾಯಿರಿ.

ಮರಿ ಬಿಡುವ ಹಿಂದಿನ ದಿನ ಗಾಳಿ ಇಲ್ಲದ ಹೊತ್ತಲ್ಲಿ 2.8 ಕೆ.ಜಿ. ಅಗ್ಗದ ಎಣ್ಣೆಗೆ 900 ಗ್ರಾಂ ಬಟ್ಟೆಸೋಪು ಕರಗಿಸಿ ನೀರಿನ ಮೇಲೆ ಚಿಮುಕಿಸಿ. ಮಗುಚಿ ಈಜುವ ನೀರುತಿಗಣೆ ಉಸಿರಿಗೆ ಮೇಲೆ ಬಂದಾಗ ಎಣ್ಣೆ ಪೊರೆಗೆ ಸಿಕ್ಕಿ ಸಾಯುತ್ತದೆ. ಇದನ್ನು ಬಿಟ್ಟವರ ಕೊಳದಲ್ಲಿ ಮರಿ ಮಾಯವಾದರೆ ಮರಿ ಕೊಟ್ಟವರನ್ನು ಬೈದು ಉಪಯೋಗವಿಲ್ಲ. ಈ ಅಳತೆಯ ಕೊಳಕ್ಕೆ ಒಂದೂವರೆ ಲಕ್ಷ ಮರಿ. ಜರಡಿ ಹಿಡಿದ ಹಿಂಡಿ ಮತ್ತು ತೌಡಿನ ಸಮಪಾಲು ಪುಡಿ ಮೊದಲ ಐದು ದಿನ ಲಕ್ಷಕ್ಕೆ 600 ಗ್ರಾಂ, ನಂತರ 1.2 ಕೆ.ಜಿ., ದಿನಕ್ಕೆ ಎರಡು ಸಲ ಮಾಡಿ. 15ರಿಂದ 20 ದಿನಕ್ಕೆ ಒಂದಂಗುಲ ಆಗುತ್ತದೆ. 45ರಿಂದ 60 ಸಾವಿರ ಉಳಿದರೆ ಚೆನ್ನಾಗಿ ಮಾಡಿದ್ದೀರಿ ಅಂತ.

ಒಂದಂಗುಲದಿಂದ ನಾಲ್ಕಂಗುಲದವರೆಗೆ ಮೈತೂಕದ ಶೇ. 8ರಿಂದ 5. ದೊಡ್ಡ ಹೊಂಡಕ್ಕೆ ಬಿಟ್ಟ ಮೊದಲ ತಿಂಗಳು ಶೇ. 5, ಆಮೇಲೆ 3, ಕೊನೆಗೆ 2, 1. ಮೀನು ದೊಡ್ಡದಾದಷ್ಟೂ ತಿನ್ನುವ ತೂಕ ಏರುತ್ತದೆ, ಮೈಗೆ ಹೋಲಿಸಿದ ಪಾಲು ಇಳಿಯುತ್ತದೆ. ಮರಿಗೆ ಪ್ರೋಟೀನ್ ಶೇ. 35ರ ಮೇಲೆ, ದೊಡ್ಡದಕ್ಕೆ 25ರಿಂದ 28.

ಹಿಂಡಿತೌಡು, ಚಳ್ಳಕೆರೆ

ಪ್ರೋಟೀನ್ ಲೆಕ್ಕ ಕೇಳೋರಿಗೆ: ಒಳ್ಳೆ ಶೇಂಗಾ ಹಿಂಡಿಯಲ್ಲಿ ಶೇ. 42, ಎಣ್ಣೆ ತೆಗೆದ ತೌಡಿನಲ್ಲಿ 14 ಅಂತ ಹಿಡೀರಿ. 26 ಬೇಕಂದ್ರೆ 100 ಕೆ.ಜಿ.ಗೆ ಹಿಂಡಿ 43, ತೌಡು 57. 30 ಬೇಕಂದ್ರೆ ಉಲ್ಟಾ, ಹಿಂಡಿ 57, ತೌಡು 43. ಇದಕ್ಕೆ ಶೇ. 1ರಷ್ಟು ಖನಿಜ ಮಿಶ್ರಣ, ಶೇ. 1ರಷ್ಟು ಉಪ್ಪು. ಮೆಕ್ಕೆಜೋಳದ ನುಚ್ಚು ಅಗ್ಗ ಅಂತ ಹೆಚ್ಚು ಹಾಕಬೇಡಿ. ಪ್ರೋಟೀನ್ ಶೇ. 9 ಮಾತ್ರ, ಮೀನಿನ ಹೊಟ್ಟೆಗೆ ಕೊಬ್ಬು ಕಟ್ಟುತ್ತೆ, ಉದ್ದ ಬೆಳೆಯಲ್ಲ.

ಹಿಂಡಿ ಮುರಿದು ನೋಡಿ ತಗೊಳ್ಳಿ. ಒಳಗೆ ಹಸಿರು, ಕಪ್ಪು ಬೂಷ್ಟು, ಮುಗ್ಗಲು ವಾಸನೆ ಇದ್ದರೆ ಬೇಡ. ಮಳೆಗಾಲದಲ್ಲಿ ನೆಲದ ಮೇಲಿಟ್ಟ ಹಿಂಡಿಗೆ ಬರೋ ಬೂಷ್ಟಿನ ವಿಷ ಮೀನಿನ ಲಿವರ್ ತಿನ್ನುತ್ತೆ. ಬೇಯಿಸಿದರೂ ಹೋಗಲ್ಲ. ಗಿರಣಿಯ ಹಸಿ ತೌಡು ವಾರ ಹತ್ತು ದಿನದಲ್ಲಿ ಕಮಟುತ್ತೆ, ಅದಕ್ಕೆ ಎಣ್ಣೆ ತೆಗೆದದ್ದೇ ವಾಸಿ.

ಎರಚೋದಕ್ಕಿಂತ ಚೀಲ ಕಟ್ಟೋದು ಒಳ್ಳೇದು. ಖಾಲಿ ಗೊಬ್ಬರದ ಚೀಲ ಚೆನ್ನಾಗಿ ತೊಳೆದು, ಕೆಳಗಿನ ಭಾಗದಲ್ಲಿ ಎರಡು ಸಾಲು ಬೆರಳು ಗಾತ್ರದ ತೂತು ಮಾಡಿ. ರಾತ್ರಿ ನೆನೆಸಿದ ಹಿಂಡಿಗೆ ಬೆಳಿಗ್ಗೆ ಒಣ ತೌಡು ಕಲಸಿ ತುಂಬಿ, ಅರ್ಧ ಮುಳುಗೋ ಹಾಗೆ ಹಗ್ಗಕ್ಕೆ ಕಟ್ಟಿ. ಮೀನು ಚೀಲ ಗುದ್ದಿ ಗುದ್ದಿ ಬೇಕಾದಷ್ಟೇ ತಿನ್ನುತ್ತೆ. ಅಲ್ಲಾಡೋದು ನಿಂತರೆ ಹೊಟ್ಟೆ ತುಂಬಿದೆ ಅಂತ. ಸಂಜೆ ಚೀಲ ತೆಗೆದು ತೊಳೆದು ಬಿಸಿಲಿಗೆ ಹಾಕ್ರಿ, ಹುಳಿ ಬಂದದ್ದರ ಮೇಲೇ ಮರುದಿನ ತುಂಬಬೇಡಿ.

ಗಾಳದಾರ, ಹರಿಹರ

ಗಾಳ ಹಾಕೋರಿಗೂ ಇದೇ ಲೆಕ್ಕ ಕಣ್ರೀ. ತುಂಗಭದ್ರೆಯಲ್ಲಿ ಕೆಂಪುನೀರು ಇರುವಾಗ ಕಣ್ಣಿಗೆ ಕೆಲಸ ಇಲ್ಲ, ಮೂಗು ಮತ್ತು ಮೀಸೆಯದ್ದೇ ಬೇಟೆ. ಎರೆಹುಳುವಿಗೆ ಗಿರ್ಲು, ಚೇಳು ಮೀನು ಬರುತ್ತವೆ. ನೀರು ತಿಳಿಯಾದ ಮೇಲೆ ಬೇಯಿಸಿದ ರಾಗಿ ಹಿಟ್ಟಿನ ಉಂಡೆಗೆ ಹುರಿದ ಶೇಂಗಾ ಹಿಂಡಿ ಪುಡಿ ಬೆರೆಸಿ ರೋಹು, ಗೆಂಡೆಗೆ ಹಾಕಿ. ಚಳಿಯಲ್ಲಿ ಉಂಡೆ ಸಣ್ಣದಿರಲಿ, ಕೊಕ್ಕೆಯೂ ಸಣ್ಣದು, ಬಿಸಿಲೇರಿದ ಮೇಲೆ ಕೂರಿ. ಬೇಸಿಗೆಯಲ್ಲಿ ಬೆಳಗಿನ ಜಾವ ಮತ್ತು ಸಂಜೆ ಮಾತ್ರ, ಮಧ್ಯಾಹ್ನ ಮಡುವಿನ ಆಳಕ್ಕೆ ಇಳಿದಿರುತ್ತವೆ. ಮುಂಗಾರಿನಲ್ಲಿ ಹೊಟ್ಟೆ ಉಬ್ಬಿದ ಮೀನು ಸಿಕ್ಕರೆ ಬಿಟ್ಟುಬಿಡಿ, ಅದು ಮುಂದಿನ ವರ್ಷದ ಬೀಜ.

ಹೊಂಡದಂಚು, ಹಿರಿಯೂರು

ಬೇಟೆಯಾಡುವ ಕೊರವ ಮೀನು 20 ಬಿಟ್ಟರೆ ಹೊಂಡಕ್ಕೆ ತಾನಾಗಿ ಬಂದ ಜಿಲೇಬಿ (ತಿಲಾಪಿಯಾ) ಮರಿ ತಿಂದು ಕಡಿಮೆ ಮಾಡುತ್ತದೆ ಅಂತ ಒಬ್ಬರು ಹೇಳಿದರು. ಸರಿಯಾ?

ಸೂಳೆಕೆರೆ ಬಲೆ, ಚನ್ನಗಿರಿ

ಜಿಲೇಬಿ ಮರಿ ತಿನ್ನುತ್ತದೆ, ನಿಜ. ಅದು ಕೊರವದ ಗಾತ್ರದ ಮೇಲೆ ಹೋಗುತ್ತದೆ. ಕೊರವದ ಮರಿ ಮೊದಲು ಕೆಂಪಗೆ ಗುಂಪುಗಟ್ಟಿ ಅಪ್ಪ ಅಮ್ಮನ ಕಾವಲಲ್ಲಿ ಸೂಕ್ಷ್ಮಪ್ರಾಣಿ ತಿನ್ನುತ್ತದೆ, ಎರಡಂಗುಲ ಆಗುವಷ್ಟರಲ್ಲಿ ನೀರಹುಳುವಿಗೆ ತಿರುಗುತ್ತದೆ, ಆಮೇಲೆ ಮೀನು, ಕಪ್ಪೆ, ಸೀಗಡಿ. ಆ ಹಂತದಲ್ಲಿ ದೊಡ್ಡದು ಸಣ್ಣದನ್ನೂ ತಿನ್ನುತ್ತದೆ. ಅದನ್ನೇ ಬೆಳೆಯಾಗಿ ಸಾಕುವವರು ವಾರಕ್ಕೊಮ್ಮೆ ಗಾತ್ರ ನೋಡಿ ಬೇರೆ ಮಾಡುತ್ತಾರೆ. ಅದಕ್ಕೆ ಜಠರ ಇದೆ, ದಿನಕ್ಕೆ ಒಂದೆರಡು ಸಲ ಹಾಕಿದರೆ ಸಾಕು. ಕಾಳಿನ ರೂಪದ ಸಿದ್ಧ ಆಹಾರ (ಪೆಲೆಟ್) ಆದರೆ ಪ್ರೋಟೀನ್ ಶೇ. 40ರ ಮೇಲೆ ಬೇಕು.

ನಿಮ್ಮ ಮೀನು 80 ಗ್ರಾಂ. ಕೊರವ ಬಿಡುವುದಾದರೆ ನಿಮ್ಮ ಅತಿ ಸಣ್ಣ ಮೃಗಾಲ್‌ಗಿಂತ ಚಿಕ್ಕದು, ಐದಂಗುಲದ ಒಳಗಿನದು, ಹತ್ತು ಸಾಕು. ದೊಡ್ಡದು ಬಿಟ್ಟರೆ ಜಿಲೇಬಿಯನ್ನು ಹುಡುಕಿಕೊಂಡು ಹೋಗುವುದಿಲ್ಲ, ನಿಧಾನಕ್ಕೆ ಈಜುವುದನ್ನು ಹಿಡಿಯುತ್ತದೆ. ಮಳೆ ರಾತ್ರಿಯಲ್ಲಿ ದಡ ಹತ್ತಿ ಹೊರಟೂ ಹೋಗುತ್ತದೆ, ಸುತ್ತ ಬಲೆ ಕಟ್ಟಿ. ಆಫ್ರಿಕನ್ ಕ್ಯಾಟ್‌ಫಿಶ್ ಬಿಡಿ ಅಂತ ಯಾರಾದರೂ ಹೇಳಿದರೆ ಕಿವಿಗೊಡಬೇಡಿ, ಅದರ ಸಾಕಣೆಗೆ ನಿಷೇಧ ಇದೆ. ಕೋಡಿ ದಾಟಿ ಕೆರೆಗೆ ಸೇರಿದರೆ ಊರ ಮೀನನ್ನೆಲ್ಲ ಮುಗಿಸುತ್ತದೆ.

ಕೆಂಪುನೆಲ, ಹೊಳಲ್ಕೆರೆ

ಹುಲ್ಲುಗೆಂಡೆ 20 ಬಿಟ್ಟು ನೇಪಿಯರ್ ಹುಲ್ಲು ಹಾಕಿದರೆ ಹಿಂಡಿ ಖರ್ಚೇ ಇಲ್ಲ ಅಲ್ವಾ? ಯಾಕೆ ಯಾರೂ ಹೇಳ್ತಿಲ್ಲ?

ಮರಿಕೊಳ, ದಾವಣಗೆರೆ

ಹುಲ್ಲುಗೆಂಡೆಯ ಮಟ್ಟಿಗೆ ಖರ್ಚಿಲ್ಲ, ಉಳಿದವಕ್ಕೆ ಅಲ್ಲ. ಅದು ತಿಂದದ್ದರಲ್ಲಿ ಅರ್ಧ ಜೀರ್ಣವಾಗದೆ ಹೊರಗೆ ಬರುತ್ತದೆ. ಅದು ನೀರಿಗೆ ಗೊಬ್ಬರ, ಮೃಗಾಲ್‌ಗೆ ಊಟ. ಹಾಗಾಗಿ 20 ಒಳ್ಳೆಯದೇ, 50 ಆದರೆ ಹೊಂಡ ಹೊಲಸು. ಎಳೆ ನೇಪಿಯರ್ ಒಂದಂಗುಲಕ್ಕೆ ಕತ್ತರಿಸಿ, ತೇಲುವ ಪೈಪಿನ ಚೌಕಟ್ಟಿನೊಳಗೆ ಹಾಕಿ. ಬಲಿತ ದಂಟು ಮುಟ್ಟುವುದಿಲ್ಲ. ನೀರಲ್ಲಿ ತೇಲುವ ಅಜೋಲ ಸಸ್ಯ ಇನ್ನೂ ಇಷ್ಟ. ಚಳಿಗೆ ಹುಲ್ಲು ತಿನ್ನುವುದು ಇಳಿಯುತ್ತದೆ, ಉಳಿದ ಹುಲ್ಲನ್ನು ಮರುದಿನವೇ ಎತ್ತಿ.

ಹಿಂಡಿತೌಡು, ಚಳ್ಳಕೆರೆ

ಮೂಲ ಪ್ರಶ್ನೆಯ ಅರ್ಧ ಬಾಕಿ ಇದೆ: ಬೇಸಿಗೆ. ಫೆಬ್ರವರಿಗೆ ಮೀನು 200 ಗ್ರಾಂ ಆದರೆ 350 × 200, 70 ಕೆ.ಜಿ. ಶೇ. 3ರಂತೆ 2.1 ಕೆ.ಜಿ. ಏಪ್ರಿಲ್‌ಗೆ 340 ಮೀನು ಉಳಿದು 350 ಗ್ರಾಂ ಆದರೆ 119 ಕೆ.ಜಿ., ಶೇ. 2ರಂತೆ 2.4 ಕೆ.ಜಿ. ಹಾಗೇ ಏರಿಸ್ತಾ ಹೋಗಿ.

ಮರಿಕೊಳ, ದಾವಣಗೆರೆ

ಇಲ್ಲಿ ನನ್ನದು ತಕರಾರಿದೆ. ಮೀನಿನ ಲೆಕ್ಕ ಸರಿ, ನೀರಿನ ಲೆಕ್ಕ ಬಿಟ್ಟುಹೋಗಿದೆ.

ಗಾಳಿಯಂತ್ರ ಇಲ್ಲದ ನೀರು ದಿನಕ್ಕೆ ಹೆಕ್ಟೇರಿಗೆ 30ರಿಂದ 50 ಕೆ.ಜಿ. ಆಹಾರಕ್ಕಿಂತ ಹೆಚ್ಚು ತಾಳುವುದಿಲ್ಲ. 40 ಹಿಡಿದರೆ ಈ ಹೊಂಡಕ್ಕೆ 441 ಚದರ ಮೀಟರಿಗೆ 1.75 ಕೆ.ಜಿ. ಅದು ಗರಿಷ್ಠ, ಮೀನಿನ ತೂಕ ಎಷ್ಟೇ ಇರಲಿ. ಫೆಬ್ರವರಿಯ 2.1 ಈಗಾಗಲೇ ಮೀರಿತು.

ಏಪ್ರಿಲ್ ಇನ್ನೂ ಕೆಟ್ಟದ್ದು. ಒಂದಕ್ಕೊಂದು ಇಳಿಜಾರಿನ ಹೊಂಡ ತುಂಬಿದಾಗ ನೀರು ಸುಮಾರು 980 ಘನ ಮೀಟರ್. ತೋಟಕ್ಕೆ ಎತ್ತಿ, ಬಿಸಿಲಿಗೆ ಆರಿ ಒಂದೂವರೆ ಮೀಟರಿಗೆ ಇಳಿದರೆ ಉಳಿಯುವುದು 410. ಆಳ ಅರ್ಧ ಆದಾಗ ನೀರು ಅರ್ಧಕ್ಕಿಂತ ಕಡಿಮೆ. ಮೇಲ್ಮೈ 18×18, ಅಂದರೆ 324 ಚದರ ಮೀಟರ್, ಆಹಾರದ ಮಿತಿ 1.3 ಕೆ.ಜಿ. ಅಲ್ಲಿ 2.4 ಸುರಿದರೆ ನಸುಕಿನಲ್ಲಿ ಮೀನು ಬಾಯಿ ಮೇಲೆತ್ತಿ ಸಾಲುಗಟ್ಟುತ್ತದೆ. ಮೊದಲು ಹೋಗುವುದು ದೊಡ್ಡ ಕಾಟ್ಲಾ.

ಹಿಂಡಿತೌಡು, ಚಳ್ಳಕೆರೆ

ಹೆಕ್ಟೇರಿಗೆ 40 ಅನ್ನೋದು ಮಣ್ಣಿನ ಕೊಳದ ಲೆಕ್ಕ. ಅಲ್ಲಿ ಕೆಸರೇ ಒಂದಷ್ಟು ಆಮ್ಲಜನಕ ಕುಡಿಯುತ್ತೆ. ಹಾಳೆ ಹೊಂಡದಲ್ಲಿ ಕೆಸರಿಲ್ಲ, ಸ್ವಲ್ಪ ಹೆಚ್ಚು ತಡೆಯುತ್ತೆ.

ಮರಿಕೊಳ, ದಾವಣಗೆರೆ

ಮೊದಲ ಎರಡು ಮೂರು ತಿಂಗಳು ಒಪ್ಪುತ್ತೇನೆ. ಫೆಬ್ರವರಿಗೆ ಹಾಳೆಯ ಮೇಲೆ ಹಿಕ್ಕೆ, ಉಳಿದ ತೌಡು ಸೇರಿ ಕಪ್ಪು ಪದರ ಕಟ್ಟಿರುತ್ತದೆ. ಅದನ್ನು ಅರಗಿಸುವ ಮಣ್ಣು ಕೆಳಗಿಲ್ಲ. ವಾದಕ್ಕಿಂತ ಅಳತೆ ಮೇಲು: ಬೆಳಿಗ್ಗೆ 6ಕ್ಕೆ ಆಮ್ಲಜನಕ ಪರೀಕ್ಷೆಯ ಕಿಟ್‌ನಲ್ಲಿ ನೋಡಿ. ಲೀಟರಿಗೆ 4 ಮಿ.ಗ್ರಾಂ ಮೇಲಿದ್ದರೆ ನಿಮ್ಮ ಮಾತಿನಂತೆ ಹಾಕಲಿ, 3ರಿಂದ 4 ಇದ್ದರೆ ಅರ್ಧ, 3ರ ಕೆಳಗಿದ್ದರೆ ಆ ದಿನ ಬಂದ್.

ಹಿಂಡಿತೌಡು, ಚಳ್ಳಕೆರೆ

ಅದಕ್ಕೆ ಒಪ್ಪಿಗೆ. ಮೋಡ ಮುಚ್ಚಿ ಎರಡು ದಿನ ಬಿಸಿಲು ಬೀಳದಿದ್ದರೂ ಅಳೆಯದೇ ಅರ್ಧ ಮಾಡ್ರಿ. ಬಿಸಿಲಿಲ್ಲದೆ ಪಾಚಿ ಹಗಲು ಸಾಕಷ್ಟು ಆಮ್ಲಜನಕ ಕೊಡಲ್ಲ, ರಾತ್ರಿ ಕುಡಿಯೋದು ಮಾತ್ರ ನಿಲ್ಲಲ್ಲ.

ಹೊಂಡದಂಚು, ಹಿರಿಯೂರು

ಹಾಗಾದರೆ 350 ಗ್ರಾಂ ಆಗುವಷ್ಟು ಹೊಟ್ಟೆ ತುಂಬಿಸುವುದು ಹೇಗೆ? ಗೊಬ್ಬರ ಹಾಕಿ ಪಾಚಿ ಬೆಳೆಸಲೇ?

ಸೂಳೆಕೆರೆ ಬಲೆ, ಚನ್ನಗಿರಿ

ಬೆಳೆಸುವುದಿದ್ದರೆ ಈಗ, ನೀರು ತುಂಬಿರುವಾಗ. ಬೇಸಿಗೆಯಲ್ಲಿ ಅಲ್ಲ. ಊಟದ ಹಳೆ ತಟ್ಟೆಗೆ ಕಪ್ಪು ಬಿಳುಪು ಕಾಲು ಕಾಲು ಭಾಗ ಬಣ್ಣ ಬಳಿದು, ಕೆಳಗೆ ಕಲ್ಲು, ಮಧ್ಯೆ ಗುರುತು ಹಾಕಿದ ಹಗ್ಗ ಕಟ್ಟಿ. 11 ಗಂಟೆ ಬಿಸಿಲಲ್ಲಿ ಇಳಿಬಿಟ್ಟು ಯಾವ ಆಳದಲ್ಲಿ ಮರೆಯಾಗುತ್ತದೆ ನೋಡಿ. 25ರಿಂದ 40 ಸೆಂ.ಮೀ. ಆದರೆ ಏನೂ ಹಾಕಬೇಡಿ. 50 ದಾಟಿದರೆ 50 ಕೆ.ಜಿ. ಹಸಿ ಸಗಣಿ ನೀರಲ್ಲಿ ಕದಡಿ ಅಂಚಿನ ಸುತ್ತ ಚೆಲ್ಲಿ, ರಾತ್ರಿ ನೆನೆಸಿದ ಒಂದು ಕೆ.ಜಿ. ಸೂಪರ್ ಫಾಸ್ಫೇಟ್ ಸೇರಿಸಿ, ವಾರ ಬಿಟ್ಟು ಮತ್ತೆ ಅಳೆಯಿರಿ. 20ಕ್ಕಿಂತ ಕಡಿಮೆ ಇದ್ದರೆ ಸಗಣಿಯೂ ಬೇಡ, ಆಹಾರವೂ ಅರ್ಧ. ಮುಂಗಾರಿನ ಕೆಂಪು ಮಣ್ಣುನೀರಿಗೆ ಈ ತಟ್ಟೆಯ ಲೆಕ್ಕ ಅನ್ವಯಿಸುವುದಿಲ್ಲ, ಅದು ಮಣ್ಣಿನ ಮಬ್ಬು. ಕೋಳಿ ಗೊಬ್ಬರ ಹಸಿಯಾಗಿ ಹಾಕುವ ಆಸೆ ಬೇಡ, ಅಮೋನಿಯಾ ಏರುತ್ತದೆ.

ಇನ್ನು ಹಾಳೆ ಹೊಂಡದ ಅಂಚು ಜಾರುತ್ತದೆ. ಚೀಲ ಕಟ್ಟಲು, ತಟ್ಟೆ ಎತ್ತಲು ಇಳಿಯುವವರಿಗೆ ಗಂಟು ಹಾಕಿದ ಹಗ್ಗ ಎರಡು ಬದಿ ಖಾಯಂ ಕಟ್ಟಿರಬೇಕು. ಒಬ್ಬರೇ ಇಳಿಯಬೇಡಿ.

ಮರಿಕೊಳ, ದಾವಣಗೆರೆ

350 ಗ್ರಾಂ ಎಲ್ಲವೂ ಆಗಬೇಕಿಲ್ಲ. ಫೆಬ್ರವರಿ ಕೊನೆಗೆ, ನೀರು ಎರಡು ಮೀಟರಿಗೆ ಇಳಿಯುವ ಮೊದಲು, ಬಲೆ ಎಳೆದು 250 ಗ್ರಾಂ ದಾಟಿದ ಕಾಟ್ಲಾ ತೆಗೆದು ಮಾರಿ. ನೂರು ಮೀನು ಹೋದರೆ ಉಳಿದವಕ್ಕೆ ಅದೇ 1.75 ಕೆ.ಜಿ. ಸಾಲುತ್ತದೆ. ಬಲೆ ಎಳೆಯುವ ಹಿಂದಿನ ದಿನ ಆಹಾರ ನಿಲ್ಲಿಸಿ. ಹೊಟ್ಟೆ ಖಾಲಿ ಇದ್ದರೆ ಗಾಡಿಯಲ್ಲಿ ಮೀನು ಕೆಡುವುದು ನಿಧಾನ, ಹಿಡಿದಾಗ ಹಿಕ್ಕೆ ಹಾಕಿ ನೀರು ಹೊಲಸಾಗುವುದಿಲ್ಲ.

ಮಾರ್ಚ್‌ನಿಂದ ಬೆಳಿಗ್ಗೆ 8ಕ್ಕೆ ಮತ್ತು ಸಂಜೆ 5ಕ್ಕೆ ಹಾಕಿ, ಮಧ್ಯಾಹ್ನ ಬೇಡ. ತೋಟಕ್ಕೆ ನೀರೆತ್ತುವ ಪೈಪಿನ ಬಾಯಿಯನ್ನು ತಳದ ಹತ್ತಿರ ಇಡಿ, ಕಪ್ಪು ನೀರು ಗಿಡಕ್ಕೆ ಹೋಗಲಿ. ಪೈಪಿನ ಬಾಯಿಗೆ ಬಲೆ ಕಟ್ಟುವುದು ಮರೆಯಬೇಡಿ. ನೀರು ಒಂದು ಮೀಟರಿಗೆ ಬಂತೆಂದರೆ ಆಹಾರ ಪೂರ್ತಿ ನಿಲ್ಲಿಸಿ, ಒಂದು ವಾರದೊಳಗೆ ಎಲ್ಲ ಹಿಡಿದುಬಿಡಿ.